ಗೂಡಿಗೊಂದು ಗೂಟ

ಸಾಗರದ ಓದುಗರೊಬ್ಬರು ಹಿತ್ತಿಲ ಶೆಡ್ಡಿನಲ್ಲಿ ಪುಟ್ಟದೊಂದು ಸಿಎನ್‌ಸಿ ಕಾರ್ವಿಂಗ್ ಮಷೀನ್ ಇಟ್ಟುಕೊಂಡು, ಮರದ ಚೌಕ ಬಿಲ್ಲೆಗಳ ಮೇಲೆ ಹೆಸರು ಕೆತ್ತಿ ಕೀಚೈನ್ ಮಾಡುತ್ತಾರೆ. ಒಂದೊಂದೇ ಬಿಲ್ಲೆ ಅಂಟಿಸಿ ಕೆತ್ತುವುದು ಸಾಕಾಗಿ, ಹನ್ನೆರಡು ಬಿಲ್ಲೆ ಒಟ್ಟಿಗೆ ಕೂರುವ ಜಿಗ್ ಮಾಡಲು ಹೊರಟರು. ಎಂಡಿಎಫ್ ಹಲಗೆಯಲ್ಲಿ 40 ಮಿ.ಮೀ. ಚೌಕದ ಗೂಡುಗಳು. ಕೊರೆದು ಅಳೆದರೆ ವರ್ನಿಯರ್ 39.74 ತೋರಿಸಿತು. ಬಿಲ್ಲೆ ಒಳಗೆ ಹೋಗಲಿಲ್ಲ. ಮಷೀನಿನ ಸೆಟ್ಟಿಂಗ್ ತೆರೆದು, ಮಿಲಿಮೀಟರಿಗೆ 200 ಸ್ಟೆಪ್ ಇದ್ದದ್ದನ್ನು 201.3 ಮಾಡಿದರು. ಗೂಡು ಸರಿಹೋಯಿತು. ಮರುವಾರ 160 ಮಿ.ಮೀ. ಉದ್ದದ ನಾಮಫಲಕಕ್ಕೆ ಗೂಡು ಕೊರೆದರೆ ಅದು ಮುಕ್ಕಾಲು ಮಿಲಿಮೀಟರ್ ದೊಡ್ಡದಾಗಿತ್ತು. "ನನ್ನ ಮಷೀನಿಗೆ ಏನಾಗಿದೆ ಸಾರ್?" ಎಂದು ಬರೆದಿದ್ದಾರೆ.

ಮಷೀನಿಗೆ ಏನೂ ಆಗಿಲ್ಲ. ಅದು ಮೊದಲು ಸರಿಯಾಗಿಯೇ ಓಡಾಡುತ್ತಿತ್ತು, ಈಗ ನೀವು ಅದಕ್ಕೆ ತಪ್ಪು ಹೆಜ್ಜೆ ಕಲಿಸಿದ್ದೀರಿ. ದಯವಿಟ್ಟು ಆ 200ನ್ನು ಮೊದಲು ವಾಪಸ್ ಹಾಕಿ. ಆ ಅಂಕಿ ಎಲ್ಲಿಂದಲೋ ಉದುರಿದ್ದಲ್ಲ. ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು ಎಂಟು ಪಾಲು ಮಾಡಿದರೆ 1600. ಒಂದು ಸುತ್ತಿಗೆ ನಿಮ್ಮ ಸ್ಕ್ರೂ 8 ಮಿ.ಮೀ. ಮುಂದೆ ತಳ್ಳುತ್ತದೆ. 1600ನ್ನು 8ರಿಂದ ಭಾಗಿಸಿದರೆ ಸರಿಯಾಗಿ 200. ನಿಮ್ಮ ತಿದ್ದುಪಡಿ ನಿಜವಾಗಬೇಕಾದರೆ ಆ ಸ್ಕ್ರೂ ಮೀಟರಿಗೆ ಆರೂವರೆ ಮಿಲಿಮೀಟರ್ ತಪ್ಪಬೇಕು. ಎಷ್ಟೇ ಅಗ್ಗದ್ದಾಗಲಿ, ಅಂಥ ಸ್ಕ್ರೂ ನನ್ನ ಕೈಗೆ ಇದುವರೆಗೂ ಸಿಕ್ಕಿಲ್ಲ.

ಹಾಗಾದರೆ 0.26 ಮಿ.ಮೀ. ಎಲ್ಲಿ ಹೋಯಿತು? ಇಲ್ಲಿ ಒಂದು ಮಾತು ಮನಸ್ಸಿಗೆ ಇಳಿಯಬೇಕು: ಮಷೀನಿಗೆ ಕೊರೆಯುವ ಬಿಟ್ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಬಿಟ್ಟಿನ ನಡುಬಿಂದು ಎಲ್ಲಿದೆ ಎನ್ನುವುದಷ್ಟೇ. ಬಿಟ್ ಎಷ್ಟು ದಪ್ಪ ಎಂಬುದನ್ನು ನಾವು ಸಾಫ್ಟ್‌ವೇರಿಗೆ ಹೇಳುತ್ತೇವೆ, ಅದು ನಂಬುತ್ತದೆ. ನೀವು 3.175 ಎಂದಿರಿ. ಎಂಟನೇ ಒಂದು ಇಂಚಿನ ಬಿಟ್ ಅಂದರೆ ಅಷ್ಟೇ. 40ರ ಗೂಡಿಗೆ ನಡುಬಿಂದು 36.825 ಓಡಿದರೆ ಸಾಕು, ಉಳಿದದ್ದನ್ನು ಬಿಟ್ಟಿನ ದಪ್ಪ ತುಂಬುತ್ತದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿತು. ಆದರೆ ಬಿಟ್ ಕೊರೆದ ಅಗಲ 2.915 ಮಾತ್ರ. ಕೊರತೆ ಬಿಟ್ಟಿನದು, ಓಟದ್ದಲ್ಲ. ಆದ್ದರಿಂದ ಗೂಡು 20ರದ್ದಿರಲಿ, 160ರದ್ದಿರಲಿ, ಕೊರತೆ ಮಾತ್ರ ಅದೇ 0.26. ಅದನ್ನು ಶೇಕಡಾ ಲೆಕ್ಕದಲ್ಲಿ ತಿದ್ದಿದರೆ ಒಂದೇ ಒಂದು ಅಳತೆಯಲ್ಲಿ ಸರಿಬಂದು, ಉಳಿದೆಲ್ಲ ಅಳತೆಗಳಲ್ಲೂ ಕೆಡುತ್ತದೆ.

ಕೊರತೆಯೆಲ್ಲ ಸ್ಟೆಪ್ಪಿನದೇ ಎಂಬ ತಪ್ಪು ತಿಳಿವಳಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಮಷೀನ್ ಕೊಂಡವರು ಮೊದಲ ವಾರವೇ ಸ್ಟೆಪ್ ತಿದ್ದಲು ಕೂರುತ್ತಾರೆ. ಅವರಿಗೆಲ್ಲ ನಾನು ಹೇಳುವ ಪರೀಕ್ಷೆ ಒಂದೇ. ಗೂಡಿನ ಜೊತೆಗೆ ಅದೇ ಅಳತೆಯ ಒಂದು ಗೂಟವನ್ನೂ ಕತ್ತರಿಸಿ. ಅಂದರೆ 40ರ ಗೂಡು ಒಂದು, 40ರ ಚೌಕ ತುಂಡು ಒಂದು. ಅದೇ ಹಲಗೆ, ಅದೇ ಬಿಟ್, ಅದೇ ವೇಗ. ನಂತರ ಎರಡನ್ನೂ ಅಳೆಯಿರಿ.

ತಪ್ಪು ಬಿಟ್ಟಿನದಾದರೆ, ಗೂಡು 39.74 ಬಂದಾಗ ಗೂಟ 40.26 ಬಂದಿರುತ್ತದೆ! ಗೂಡಿನಲ್ಲಿ ಬಿಟ್ ಒಳಗಿನಿಂದ ಗೋಡೆ ಕೆರೆಯುತ್ತದೆ, ಗೂಟದಲ್ಲಿ ಹೊರಗಿನಿಂದ. ಬಿಟ್ ಸಣ್ಣದಾದರೆ ಗೂಡು ಎಷ್ಟು ಕುಗ್ಗುತ್ತದೋ ಗೂಟ ಅಷ್ಟೇ ಹಿಗ್ಗುತ್ತದೆ. ಈಗ ಎರಡನ್ನೂ ಕೂಡಿಸಿ ಅರ್ಧ ಮಾಡಿ: 40.00. ಬಿಟ್ಟಿನ ತಪ್ಪು ಹೊಡೆದುಹೋಗಿ ಮಷೀನಿನ ಓಟ ಮಾತ್ರ ಉಳಿಯಿತು, ಅದು ಅಚ್ಚುಕಟ್ಟಾಗಿದೆ. ಇನ್ನು ಎರಡರ ವ್ಯತ್ಯಾಸ ತೆಗೆದು ಅರ್ಧ ಮಾಡಿ: 0.26. ಈ ಸಲ ಓಟ ಹೊಡೆದುಹೋಗಿ ಬಿಟ್ಟಿನ ಕೊರತೆ ಮಾತ್ರ ಉಳಿಯಿತು. ಒಂದು ಸಂಕಲನ, ಒಂದು ವ್ಯವಕಲನ, ಗಂಟುಬಿದ್ದ ಎರಡು ತಪ್ಪುಗಳು ಬೇರೆಬೇರೆಯಾಗಿ ಅಂಗೈ ಮೇಲೆ ಬಂದು ಕೂರುತ್ತವೆ. ಹೈಸ್ಕೂಲಿನ ಬೀಜಗಣಿತ ಶೆಡ್ಡಿನ ಧೂಳಿನಲ್ಲಿ ಹೀಗೆ ಕೈಗೆ ಸಿಕ್ಕಾಗ ಆಗುವ ಸಂತೋಷ ನನಗೆ ಇನ್ನೂ ಹಳತಾಗಿಲ್ಲ.

ಗೂಡು, ಗೂಟ ಎರಡೂ ಚಿಕ್ಕದಾಗಿ ಬಂದರೆ ಆಗ ಓಟವನ್ನು ಅನುಮಾನಿಸಬೇಕು. ಆಗಲೂ ತಕ್ಷಣ ಸ್ಟೆಪ್ ಮುಟ್ಟಬೇಡಿ. ಇನ್ನೊಂದು ದೊಡ್ಡ ಜೋಡಿ ಕತ್ತರಿಸಿ ನೋಡಿ. ಕೊರತೆ ಅಳತೆಯ ಜೊತೆ ಬೆಳೆದರೆ ಮಾತ್ರ ಸ್ಟೆಪ್ಪಿನ ತಪ್ಪು. ಅಷ್ಟೇ ಇದ್ದರೆ ಸ್ಕ್ರೂ ಮತ್ತು ನಟ್ಟಿನ ನಡುವೆ ಸಡಿಲ (ಪ್ಲೇ) ಇದೆ, ದಿಕ್ಕು ಬದಲಿಸುವಾಗ ಓಟದ ಒಂದು ಚೂರನ್ನು ಅದು ನುಂಗುತ್ತಿದೆ.

ಬಿಟ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದರೆ 3.15 ಇರಬಹುದು, 2.915 ಅಂತೂ ಇರಲಾರದು. ಮಿಕ್ಕದ್ದು ಬಾಗುವಿಕೆ. ಮರ ಬಿಟ್ಟನ್ನು ಹಿಂದಕ್ಕೆ ತಳ್ಳುತ್ತದೆ, ಅದು ಉಕ್ಕಾದರೂ ಬಳುಕುತ್ತದೆ. ಬಾಗುವಿಕೆ ಹೊರಚಾಚಿದ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ, ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಬಿಟ್ ಹಿಡಿದಿಡುವ ಕಾಲೆಟ್ಟಿನಿಂದ 20 ಮಿ.ಮೀ. ಚಾಚಿದ್ದನ್ನು 30 ಮಾಡಿದರೆ ಮೂರು ಪಟ್ಟಿಗೂ ಹೆಚ್ಚು ಬಾಗುತ್ತದೆ. 3 ಮಿ.ಮೀ. ಬಿಟ್ ಬದಲು 6 ಮಿ.ಮೀ. ಹಾಕಿದರೆ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಬಿಟ್ಟನ್ನು ಆದಷ್ಟು ಗಿಡ್ಡವಾಗಿ ಹಿಡಿಸಿ, ಗೋಡೆಗೆ 0.2 ಮಿ.ಮೀ. ಉಳಿಸಿಕೊಂಡು ಒಳಗೆಲ್ಲ ಕೊರೆಯಿರಿ, ಕೊನೆಗೆ ಗೋಡೆಯ ಸುತ್ತ ಒಂದು ಹಗುರ ಸುತ್ತು, ಅದೇ ದಾರಿಯಲ್ಲಿ ಮತ್ತೊಂದು ಸುತ್ತು. ಆ ಎರಡನೇ ಸುತ್ತಿನಲ್ಲಿ ಕೊರೆಯಲು ಏನೂ ಇಲ್ಲ ಅನಿಸುತ್ತದೆ. ಆದರೆ ಕಿವಿಗೊಟ್ಟು ಕೇಳಿ, ಸರ್ ಸರ್ ಎಂದು ತೆಳು ಸದ್ದು ಬರುತ್ತದೆ, ಗೋಡೆಯಿಂದ ಹಿಟ್ಟಿನಂಥ ಧೂಳು ಉದುರುತ್ತದೆ. ಬಳುಕಿದ ಬಿಟ್ ನೆಟ್ಟಗಾಗುತ್ತಾ ಬಿಟ್ಟುಹೋದದ್ದನ್ನು ತೆಗೆಯುತ್ತಿದೆ. ಇಷ್ಟಾದ ಮೇಲೂ ಉಳಿದ ಕೊರತೆಯನ್ನು ಗೂಡು-ಗೂಟದಿಂದ ಕಂಡುಕೊಂಡು, ಸಾಫ್ಟ್‌ವೇರಿನ ಬಿಟ್ ದಪ್ಪದಿಂದ ಕಳೆಯಿರಿ.

ಕಾರ್ಖಾನೆಯೊಂದರಲ್ಲಿ ಅಳತೆ ತಪ್ಪಿದ ದಿನ ಮಷೀನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದನ್ನು ಕಂಡಿದ್ದೇನೆ. ಆಯುಧಪೂಜೆಗೆ ಮಷೀನ್ ಒರೆಸಿ ಎಣ್ಣೆ ಬಿಡುವುದನ್ನು ನಾನು ಮನಸಾರೆ ಮೆಚ್ಚುತ್ತೇನೆ, ಅದರಿಂದ ಸ್ಕ್ರೂ ನಿಜಕ್ಕೂ ಉಳಿಯುತ್ತದೆ. ಸಡಿಲ ಕಾಲೆಟ್ಟಿಗೆ ದೃಷ್ಟಿ ತೆಗೆದರೆ ಏನೂ ಬಿಗಿಯಾಗುವುದಿಲ್ಲ. ಪರದೆಯ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದೂ ಅಂಥದೇ ಮೂಢನಂಬಿಕೆ. ಪರದೆ 40.000 ಎಂದರೆ, ಮೋಟರಿಗೆ ಅಷ್ಟು ಆಜ್ಞೆ ಕೊಟ್ಟೆ ಎಂದರ್ಥ. ಮರದಲ್ಲಿ ಅಷ್ಟು ಬಂತು ಎಂದಲ್ಲ. ಇಂಥ ಹವ್ಯಾಸಿ ಮಷೀನುಗಳಲ್ಲಿ ಸಾಮಾನ್ಯವಾಗಿ ತಿರುಗಿ ನೋಡುವ ಕಣ್ಣೇ ಇರುವುದಿಲ್ಲ.

ಕಣ್ಣಿಗಿಂತ ಸೂಕ್ಷ್ಮವಾದದ್ದು ಬೆರಳು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್ ಒಂದು ಉಕ್ಕಿನ ಉಂಗುರಕ್ಕೆ ಎರಡು ಗೂಟ ತೋರಿಸುತ್ತಿದ್ದ. ಒಂದು ಬಿಗಿ. ಇನ್ನೊಂದು ಎಷ್ಟು ಸಡಿಲವೆಂದರೆ ಆ ಉಂಗುರದ್ದೇ ಅಲ್ಲವೇನೋ ಎನಿಸುತ್ತಿತ್ತು. ಎರಡರ ವ್ಯತ್ಯಾಸ ಇಂಚಿನ ಹತ್ತು ಸಾವಿರದಲ್ಲಿ ಒಂದು ಪಾಲು, ಅಂದರೆ 0.0025 ಮಿ.ಮೀ. ಕಾಗದದ ಹಾಳೆಯ ದಪ್ಪದಲ್ಲಿ ಅಂಥವು ಸುಮಾರು ನಲವತ್ತು ಹಿಡಿಸುತ್ತವೆ. ಮರದಲ್ಲಿ ನಮಗೆ ಅಷ್ಟು ಬೇಕಿಲ್ಲ, ಆದರೆ ವರ್ನಿಯರ್ ಅನುಮಾನ ಹುಟ್ಟಿಸಿದಾಗ ಗೂಟವನ್ನು ಗೂಡಿಗೆ ಹಾಕಿ ನೋಡುವುದೇ ಕೊನೆಯ ತೀರ್ಪು.

ಇನ್ನೊಂದು ವಿಷಯ, ಇದರಿಂದಲೇ ಅರ್ಧ ಜನ ಮೋಸಹೋಗುತ್ತಾರೆ. ದುಂಡು ಬಿಟ್ ಚೂಪು ಮೂಲೆ ಕೊರೆಯಲಾರದು, ಗೂಡಿನ ಮೂಲೆಯಲ್ಲಿ ಒಂದೂವರೆ ಮಿಲಿಮೀಟರಿನ ದುಂಡು ಉಳಿದೇ ಉಳಿಯುತ್ತದೆ. ಅಳತೆಯೆಲ್ಲ ಸರಿಯಿದ್ದರೂ ಬಿಲ್ಲೆಯ ಚೂಪು ಮೂಲೆ ಅಲ್ಲಿ ಹತ್ತಿ ನಿಂತು, ಗೂಡೇ ಚಿಕ್ಕದೆಂಬ ಭ್ರಮೆ ಹುಟ್ಟಿಸುತ್ತದೆ. ನಾಲ್ಕು ಮೂಲೆಯಲ್ಲೂ ಬಿಟ್ ಸ್ವಲ್ಪ ಹೊರಗೆ ನುಗ್ಗಿ ಬರುವಂತೆ ಪುಟ್ಟ ಕಿವಿ ಕೊರೆಸಿ. ಬಡಗಿಯಾದರೆ ಉಳಿಯಿಂದ ಎರಡೇಟಿನಲ್ಲಿ ಮೂಲೆ ಬಿಡಿಸುತ್ತಾನೆ, ಅದೂ ಸರಿಯೇ.

ಮತ್ತೆ, 40ರ ಬಿಲ್ಲೆಗೆ 40ರ ಗೂಡು ಮಾಡಬೇಡಿ. ಹತ್ತು ಬಿಲ್ಲೆ ಅಳೆದು, ಅದರಲ್ಲಿ ಅತಿ ದೊಡ್ಡದಕ್ಕೆ 0.15 ಸೇರಿಸಿ. ಸಾಗರದ ಮಳೆಗಾಲದಲ್ಲಿ ಮರವೂ ಉಬ್ಬುತ್ತದೆ, ಎಂಡಿಎಫ್ ಕೂಡ ಉಬ್ಬುತ್ತದೆ. ಜಿಗ್ಗಿಗೆ ವಾರ್ನಿಷ್ ಬಳಿಯಿರಿ. ಸಡಿಲವಾಯಿತೆಂದು ಹೆದರಬೇಕಿಲ್ಲ. ಪ್ರತಿ ಬಿಲ್ಲೆಯನ್ನೂ ಎಡಕ್ಕೆ, ಕೆಳಕ್ಕೆ ಒತ್ತಿ ಎರಡು ಗೋಡೆಗೆ ತಾಗಿಸಿದರೆ ಕೆತ್ತನೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬೀಳುತ್ತದೆ.

ಹದವಾಗಿ ಬಂದ ಗೂಡಿಗೆ ಬಿಲ್ಲೆಯನ್ನು ಮೇಲಿನಿಂದ ಬಿಟ್ಟು ನೋಡಿ. ಅದು ಟಪ್ಪನೆ ಬೀಳುವುದಿಲ್ಲ. ಕೆಳಗಿನ ಗಾಳಿ ಅಂಚುಗಳಿಂದ ನುಸುಳಿ ಹೊರಹೋಗುವ ತನಕ ಅರೆಗಳಿಗೆ ತಡೆದು, ಮೆಲ್ಲನೆ ಇಳಿದು ಕೂರುತ್ತದೆ. ಹಾಗೆ ಕೂತದ್ದನ್ನು ಉಗುರಿನಿಂದ ಎತ್ತಲಾಗದು. ಪ್ರತಿ ಗೂಡಿನ ಒಂದು ಬದಿಗೆ ಬೆರಳು ತೂರುವಷ್ಟು ಅರ್ಧಚಂದ್ರದ ಕಚ್ಚನ್ನು ಮೊದಲೇ ಕೊರೆದಿಟ್ಟುಕೊಳ್ಳಿ.