ನೆಲಮಾಳಿಗೆಯ ಅಗ್ನಿ

ಕೆನಡಾದಂತಹ ಶೀತಪ್ರಧಾನ ದೇಶಗಳಲ್ಲಿ ಮನೆಯ ನೆಲಮಾಳಿಗೆಯಲ್ಲಿದ್ದು ಮನೆಯನ್ನು ಬೆಚ್ಚಗಿಡಲು ಚಳಿಗಾಲವಿಡೀ ಉರಿಯುವ ಗ್ಯಾಸ್ ಫರ್ನೇಸಿನೊಳಗೆ, ಜ್ವಾಲೆಯಿಂದ ಹೊಮ್ಮುವ ಅನಿಲಗಳನ್ನು ನಿವಾಸಿಗಳು ಉಸಿರಾಡುವ ಗಾಳಿಯಿಂದ ಬೇರ್ಪಡಿಸಿರುವುದು ತೆಳುವಾದ ಲೋಹದ ಗೋಡೆಯೊಂದೇ. ಅದು ಬಿರಿದರೆ, ಅಥವಾ ಹೊರಗಿನ ಹೊಗೆಕೊಳವೆಯ ಬಾಯನ್ನು ಹಿಮವು ಮುಚ್ಚಿದರೆ, ವರ್ಣಗಂಧರಹಿತವಾದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಹರಡಿ, ನಿದ್ರಿತರ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಬಲ್ಲದು. ಆದುದರಿಂದ ಶಯನಗೃಹದ ಸಮೀಪದಲ್ಲಿ ಆ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಇರಲೇಬೇಕು. ವರ್ಷಕ್ಕೊಮ್ಮೆ, ಚಳಿಗೆ ಮುನ್ನ, ಬಲ್ಲವರಿಂದ ಫರ್ನೇಸಿನ ಪರೀಕ್ಷೆಯಾಗಬೇಕು. ಸ್ಥಿರವಾದ ನೀಲಿ ಜ್ವಾಲೆ ಸುಲಕ್ಷಣ. ಹಳದಿಯಾಗಿ ಓಲಾಡುವ ಜ್ವಾಲೆ ಅಪೂರ್ಣ ದಹನದ ಸೂಚನೆ. ಧೂಳು ತುಂಬಿದ ಫಿಲ್ಟರನ್ನು ಬದಲಿಸದಿದ್ದರೆ ಗಾಳಿಯ ಸಂಚಾರ ಕುಗ್ಗಿ ಆ ಲೋಹದ ಗೋಡೆಯೇ ಅತಿಯಾಗಿ ಕಾಯುವುದು. ಇಷ್ಟು ಅಲ್ಪವೆಚ್ಚದ ಕಾರ್ಯವನ್ನು ಅಲಕ್ಷಿಸುವುದು ಅಕ್ಷಮ್ಯವೇ ಸರಿ. ಸೋರಿಕೆಯನ್ನು ತಿಳಿಸಲೆಂದೇ ಇಂಧನ ಅನಿಲಕ್ಕೆ ಬೆರೆಸಿದ ಕೊಳೆತ ಮೊಟ್ಟೆಯ ವಾಸನೆ ಬಂದೊಡನೆ, ದೀಪದ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರನಡೆದು, ದೂರದಿಂದಲೇ ತುರ್ತುಸೇವೆಗೆ ಫೋನ್ ಮಾಡತಕ್ಕದ್ದು.