ವೈನ್ ಮತ್ತು ಒಣದ್ರಾಕ್ಷಿಯಲ್ಲಿ ಸಲ್ಫೈಟ್

ಹೊಂಬಣ್ಣದ ಒಣದ್ರಾಕ್ಷಿಯ ಪೊಟ್ಟಣದ ಮೇಲೆ 220 ಎಂಬ ಸಂಖ್ಯೆಯನ್ನು ನೀವು ನೋಡಿರಬಹುದು. ಅದು ಸಲ್ಫರ್ ಡೈಆಕ್ಸೈಡಿನ ಗುರುತು. ವೈನ್ ಬಾಟಲಿಯ ಮೇಲೂ ‘ಸಲ್ಫೈಟ್ ಇದೆ’ ಎಂಬ ಸೂಚನೆ ಇರುತ್ತದೆ. ಗಂಧಕ ಉರಿದಾಗ ಹೊಮ್ಮುವ, ಉಸಿರುಗಟ್ಟಿಸುವ ಈ ಅನಿಲಕ್ಕೆ ಆಹಾರದಲ್ಲಿ ಏನು ಕೆಲಸ?

ಎರಡು ಕೆಲಸಗಳು

ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟ್ ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಇದೇ ಹುದುಗುವಿಕೆ. ಆದರೆ ಹೀಗೆ ತಯಾರಾದ ವೈನಿಗೆ ಗಾಳಿ ತಗುಲುತ್ತಿದ್ದರೆ ಅಸಿಟಿಕ್ ಬ್ಯಾಕ್ಟೀರಿಯಗಳು ಎಥನಾಲನ್ನು ಅಸಿಟಿಕ್ ಆಮ್ಲವಾಗಿಸುತ್ತವೆ. ವೈನು ವಿನೆಗರ್ ಆಗುತ್ತದೆ. ಜೊತೆಗೆ, ಹೆಚ್ಚಿಟ್ಟ ಸೇಬು ಕಂದಾಗುವಂತೆ ದ್ರಾಕ್ಷಿರಸವೂ ಉತ್ಕರ್ಷಣೆಯಿಂದ ಕಂದಾಗುತ್ತದೆ. ಸಲ್ಫರ್ ಡೈಆಕ್ಸೈಡ್ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ, ಕಂದಾಗಿಸುವ ಕಿಣ್ವವನ್ನೂ ಹತ್ತಿಕ್ಕುತ್ತದೆ. ಯೀಸ್ಟ್ ತಾನೇ ಇದನ್ನು ಅಲ್ಪ ಪ್ರಮಾಣದಲ್ಲಿ ತಯಾರಿಸುವುದರಿಂದ, ಹೊರಗಿನಿಂದ ಸೇರಿಸದ ವೈನಿನಲ್ಲೂ ಇದು ಸ್ವಲ್ಪ ಇರುತ್ತದೆ.

ಪಿಎಚ್‌ನ ಪಾತ್ರ

ನೀರಿನಲ್ಲಿ ಕರಗಿದ ಸಲ್ಫರ್ ಡೈಆಕ್ಸೈಡಿನ ಬಹುಭಾಗ ಬೈಸಲ್ಫೈಟ್ ಅಯಾನು ಆಗುತ್ತದೆ. ಸೂಕ್ಷ್ಮಜೀವಿಗಳ ಕೋಶದೊಳಗೆ ನುಗ್ಗಬಲ್ಲದ್ದು ಅಯಾನು ಆಗದೆ ಉಳಿದ ಅಣು ಮಾತ್ರ. ಪಿಎಚ್ 3 ಇದ್ದಾಗ ಇಂಥ ಅಣುಗಳ ಪಾಲು ಶೇಕಡ 6ರಷ್ಟು. ಪಿಎಚ್ 4 ಆದರೆ ಶೇಕಡ 0.6 ಮಾತ್ರ. ಆದ್ದರಿಂದ ಹುಳಿ ಹೆಚ್ಚಿರುವ ವೈನಿಗೆ ಕಡಿಮೆ ಸಲ್ಫೈಟ್ ಸಾಕು. ಕೆಂಪು ವೈನಿನಲ್ಲಿ ಸಿಪ್ಪೆಯಿಂದ ಬಂದ ಟ್ಯಾನಿನ್‌ಗಳೂ ಉತ್ಕರ್ಷಣೆಯನ್ನು ತಡೆಯುತ್ತವೆ. ಸಿಹಿಯಿಲ್ಲದ ವೈನಿಗೆ ಯೂರೋಪಿಯನ್ ಒಕ್ಕೂಟ ನಿಗದಿ ಮಾಡಿರುವ ಮಿತಿ ಲೀಟರಿಗೆ ಕೆಂಪಿಗೆ 150 ಮಿಲಿಗ್ರಾಂ, ಬಿಳಿಗೆ 200 ಮಿಲಿಗ್ರಾಂ.

ತಲೆನೋವಿಗೆ ಇದೇ ಕಾರಣವೇ?

ಕೆಂಪು ವೈನ್ ಕುಡಿದವರ ತಲೆನೋವಿಗೆ ಸಲ್ಫೈಟನ್ನು ದೂರುವವರುಂಟು. ಲೆಕ್ಕ ಹಾಕಿ ನೋಡಿ. ಮಿತಿಯಷ್ಟೂ ಸಲ್ಫೈಟ್ ಇದೆಯೆಂದುಕೊಂಡರೂ 150 ಮಿಲಿಲೀಟರ್ ಕೆಂಪು ವೈನಿನಲ್ಲಿರುವುದು 22.5 ಮಿಲಿಗ್ರಾಂ. ಒಣ ಏಪ್ರಿಕಾಟಿಗೆ ಅಲ್ಲಿನ ಮಿತಿ ಕಿಲೋಗ್ರಾಂಗೆ 2000 ಮಿಲಿಗ್ರಾಂ. ಎಂದರೆ 50 ಗ್ರಾಂ ಹಣ್ಣಿನಲ್ಲಿ 100 ಮಿಲಿಗ್ರಾಂವರೆಗೆ ಇರಬಹುದು. ಹಣ್ಣು ತಿಂದವರಾರೂ ಸಾಮಾನ್ಯವಾಗಿ ತಲೆನೋವೆನ್ನುವುದಿಲ್ಲ. ಬಿಳಿ ವೈನಿನ ಮಿತಿ ಹೆಚ್ಚಿದ್ದರೂ ದೂರು ಬರುವುದು ಕೆಂಪಿನ ಮೇಲೆ! ಕೆಂಪು ವೈನಿನ ಕ್ವೆರ್ಸೆಟಿನ್ ಎಂಬ ಸಂಯುಕ್ತವು ಆಲ್ಕೊಹಾಲಿನ ಜೀರ್ಣಕ್ರಿಯೆಗೆ ಅಡ್ಡಿಯಾಗಿ ತಲೆನೋವು ತರುತ್ತಿರಬಹುದು ಎಂದು ಕ್ಯಾಲಿಫೋರ್ನಿಯದ ಸಂಶೋಧಕರು 2023ರಲ್ಲಿ ಸೂಚಿಸಿದರು. ಇದಿನ್ನೂ ಊಹೆಯ ಹಂತದಲ್ಲಿದೆ.

ನಿಜವಾದ ಅಪಾಯ ಯಾರಿಗೆ?

ಉಬ್ಬಸವಿರುವ ಕೆಲವರಿಗೆ. ಸಲ್ಫೈಟಿನಿಂದ ಹೊಮ್ಮುವ ಅನಿಲ ಉಸಿರಿನೊಂದಿಗೆ ಸೇರಿ ಶ್ವಾಸನಾಳಗಳನ್ನು ಸಂಕುಚಿಸಬಲ್ಲದು. ಇಂಥ ತೊಂದರೆಗಳ ಕಾರಣದಿಂದಲೇ ಅಮೆರಿಕವು 1986ರಲ್ಲಿ ಹಸಿಯಾಗಿ ತಿನ್ನುವ ತರಕಾರಿ, ಹಣ್ಣುಗಳಿಗೆ ಸಲ್ಫೈಟ್ ಬಳಸುವುದನ್ನು ನಿಷೇಧಿಸಿತು. ಭಾರತದ ನಿಯಮದಂತೆಯೂ ಕಿಲೋಗ್ರಾಂಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಲೇಬಲ್ಲಿನಲ್ಲಿ ತಿಳಿಸಬೇಕು. ಉಬ್ಬಸವಿರುವ ವಿದ್ಯಾರ್ಥಿ ಹೊಂಬಣ್ಣದ ದ್ರಾಕ್ಷಿ ತಿಂದಾಗಲೆಲ್ಲ ಕೆಮ್ಮುತ್ತಿದ್ದರೆ ಶಿಕ್ಷಕರು ಪೊಟ್ಟಣವನ್ನು ಓದಬೇಕು. ವೈದ್ಯರಿಗೆ ಹೇಳುವಂತೆ ಮನೆಯವರಿಗೆ ತಿಳಿಸಬೇಕು.

ಸಲ್ಫೈಟ್ ಕಡಿಮೆ ಇದ್ದ ಮಾತ್ರಕ್ಕೆ ವೈನು ನಿರುಪದ್ರವಿಯಾಗದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.