ತಂದೆ-ಮಕ್ಕಳು ಕೂಡಿ ಕಟ್ಟಬಹುದಾದ ಮಟ್ಟದ ಚೌಕಟ್ಟು

ಏಪ್ರಿಲ್-ಮೇ ತಿಂಗಳಲ್ಲಿ ಹೈಸ್ಕೂಲು ಮಕ್ಕಳಿಗೆ ರಜೆ. ಆ ದಿನಗಳಲ್ಲಿ ತಂದೆ ಮತ್ತು ಮಗ ಅಥವಾ ಮಗಳು ಸೇರಿ ಒಂದೇ ಬೆಳಗ್ಗೆಯಲ್ಲಿ ಕಟ್ಟಬಹುದಾದ ಒಂದು ಸಾಧನವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು.

ಶ್ರವಣಬೆಳಗೊಳದ ಸುತ್ತಮುತ್ತ ಕೆಂಪು ಮಣ್ಣಿನ ರಾಗಿ ಹೊಲಗಳು ಅನೇಕ ಕಡೆ ಇಳಿಜಾರಾಗಿವೆ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಬಿದ್ದಾಗ ಹಳ್ಳ ಕೆಂಪಗೆ ಹರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಹರಿದುಹೋಗುವುದು ನಾವು ಗೊಬ್ಬರ ಹಾಕಿ ಸಾಕಿದ ಮೇಲ್ಮಣ್ಣು. ಒಂದು ಎಕರೆಯಲ್ಲಿ ಕೇವಲ 1 ಮಿ.ಮೀ. ದಪ್ಪ ಮಣ್ಣು ಕೊಚ್ಚಿಹೋದರೂ ಅದರ ತೂಕ ಸುಮಾರು 6 ಟನ್. ಇಳಿಜಾರಿಗೆ ಅಡ್ಡವಾಗಿ, ಸಮಪಾತಳಿಯಲ್ಲಿ ಉತ್ತು ಬಿತ್ತಿದರೆ ಈ ನಷ್ಟ ಬಹಳಷ್ಟು ತಗ್ಗುತ್ತದೆ. ಆದರೆ ಕಣ್ಣಳತೆಯನ್ನು ನಂಬುವಂತಿಲ್ಲ.

ಸಮಪಾತಳಿ ಎಂದರೇನು? ಚಂದ್ರಗಿರಿ, ವಿಂಧ್ಯಗಿರಿಗಳ ನಡುವಿನ ಕಲ್ಯಾಣಿಯಲ್ಲಿ ನಿಂತ ನೀರು ನಾಲ್ಕೂ ಕಡೆಯನ್ನು ಒಂದೇ ಎತ್ತರದಲ್ಲಿ ಮುಟ್ಟುತ್ತದೆ. ಹೊಲದಲ್ಲಿ ಹಾಗೆ ನೀರು ನಿಂತರೆ ಅದರ ಅಂಚು ಎಲ್ಲಿ ಹಾಯುತ್ತಿತ್ತೋ ಅದೇ ಸಮಪಾತಳಿ ರೇಖೆ. ಇದನ್ನು ಗುರುತಿಸಲು ‘ಎ’ ಅಕ್ಷರದ ಆಕಾರದ ಚೌಕಟ್ಟು ಸಾಕು. ಫಿಲಿಪೈನ್ಸ್ ದೇಶದ ಮಿಂಡನಾವೊ ದ್ವೀಪದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಇಳಿಜಾರು ಬೇಸಾಯ ಪದ್ಧತಿಯಲ್ಲೂ ಇದೇ ಉಪಕರಣ.

2 ಮೀಟರ್ ಉದ್ದದ ಎರಡು ನೇರ ಬಿದಿರು ಗಳಗಳನ್ನು ತುದಿಯಲ್ಲಿ ಸೇರಿಸಿ ಬಿಗಿಯಾಗಿ ಕಟ್ಟಿರಿ. ಎರಡೂ ಕಾಲುಗಳ ನಡುಮಧ್ಯಕ್ಕೆ ಅಡ್ಡಪಟ್ಟಿ ಕಟ್ಟಬೇಕು. ಕಟ್ಟಿನಿಂದ ಕಟ್ಟಿಗೆ ಸರಿಯಾಗಿ 1 ಮೀಟರ್ ಇರಲಿ. ಆಗ ಪಾದಗಳ ಅಂತರ 2 ಮೀಟರ್ ಆಗುತ್ತದೆ. ಏಕೆಂದು ಮಕ್ಕಳನ್ನೇ ಕೇಳಿ, ತ್ರಿಭುಜದ ಮಧ್ಯಬಿಂದು ಪ್ರಮೇಯವನ್ನು ಅವರು ಓದಿರುತ್ತಾರೆ. ತುದಿಯಿಂದ ದಾರ ಇಳಿಬಿಟ್ಟು, ಅಡ್ಡಪಟ್ಟಿಗಿಂತ ಒಂದು ಗೇಣು ಕೆಳಗೆ ಬರುವಂತೆ ಕಲ್ಲು ಕಟ್ಟಿರಿ.

ಇನ್ನು ಮುಖ್ಯವಾದ ಕೆಲಸ ಮಟ್ಟ ಗುರುತಿಸುವುದು. ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿ, ಎರಡು ಪಾದಗಳ ಜಾಗಕ್ಕೂ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗೆರೆ ಹಾಕಿರಿ. ಬಳಿಕ ಚೌಕಟ್ಟನ್ನು ತಿರುಗಿಸಿ, ಎಡಪಾದವಿದ್ದಲ್ಲಿ ಬಲಪಾದವಿಟ್ಟು ಮತ್ತೊಂದು ಗೆರೆ ಹಾಕಿರಿ. ಎರಡು ಗೆರೆಗಳ ನಟ್ಟನಡುವೆ ಮೂರನೆಯ ಗೆರೆ, ಅದೇ ಮಟ್ಟ. ನೆಲದ ಓರೆ ಒಮ್ಮೆ ದಾರವನ್ನು ಎಷ್ಟು ಎಡಕ್ಕೆ ಸರಿಸುತ್ತದೆಯೋ ತಿರುಗಿಸಿದಾಗ ಅಷ್ಟೇ ಬಲಕ್ಕೆ ಸರಿಸುವುದರಿಂದ, ನೆಲ ಓರೆಯಾಗಿದ್ದರೂ ಗಳಗಳು ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೂ ತೊಂದರೆಯಿಲ್ಲ.

ಹೊಲದ ಮೇಲಂಚಿನಿಂದ ಪ್ರಾರಂಭಿಸಿರಿ. ಒಂದು ಪಾದವನ್ನು ಗೂಟದ ಬಳಿ ಊರಿ, ಇನ್ನೊಂದನ್ನು ಮೇಲಕ್ಕೋ ಕೆಳಕ್ಕೋ ಸರಿಸುತ್ತ ದಾರ ನಡುಗೆರೆಗೆ ಬಂದೊಡನೆ ಅಲ್ಲಿ ಗೂಟ ಹೊಡೆಯಿರಿ. ಹೀಗೆಯೇ ಮುಂದುವರಿಯಿರಿ. ಒಬ್ಬರು ಚೌಕಟ್ಟು ಹಿಡಿದರೆ ಇನ್ನೊಬ್ಬರು ದಾರ ನೋಡಬೇಕು. ಒಬ್ಬರಿಂದಲೇ ಆಗುವ ಕೆಲಸವಲ್ಲ. ನಾನು ನನ್ನ ಮಗನೊಡನೆ ಮೊದಲು ಕಟ್ಟಿದಾಗ ಕಟ್ಟಿಗೆ ಬದಲು ಒಂದೊಂದೇ ಮೊಳೆ ಹೊಡೆದಿದ್ದೆ. ಅಡ್ಡಪಟ್ಟಿ ಸಡಿಲಗೊಂಡು ಗೂಟಗಳ ಸಾಲು ಕೆಳಕ್ಕೆ ಜಾರುತ್ತಿತ್ತು. ಅದನ್ನು ಮೊದಲು ಕಂಡವನು ನಾನಲ್ಲ, ಅವನು. ಇಪ್ಪತ್ತು ಗೂಟ ಕಿತ್ತು ಮತ್ತೆ ಹೊಡೆದೆವು.

ಇಳಿಜಾರನ್ನೂ ಇದರಿಂದಲೇ ಅಳೆಯಬಹುದು. ಚೌಕಟ್ಟನ್ನು ಇಳಿಜಾರಿನ ಉದ್ದಕ್ಕೆ ನಿಲ್ಲಿಸಿ, ದಾರ ಮಟ್ಟಕ್ಕೆ ಬರುವವರೆಗೆ ಕೆಳಗಿನ ಪಾದದಡಿ ಇಟ್ಟಿಗೆ ಚೂರು ಇಡಿರಿ. ಎತ್ತರ 6 ಸೆಂ.ಮೀ. ಆದರೆ ಇಳಿಜಾರು ಶೇಕಡಾ 3. ಅಂಥ ಹೊಲದಲ್ಲಿ ಸುಮಾರು 30 ಮೀಟರಿಗೊಂದು ರೇಖೆ ಸಾಕಾಗುತ್ತದೆ.

ಮುಂಗಾರು ಹಿಡಿದ ಮೇಲೆ ಗೂಟಗಳ ಸಾಲಿನಲ್ಲಿ 10-15 ಸೆಂ.ಮೀ.ಗೊಂದರಂತೆ ಲಾವಂಚದ ಬುಡಗಳನ್ನು ನೆಟ್ಟು, ಸಾಲಿಗೆ ಸಮನಾಗಿ ಉಳುಮೆ ಮಾಡತಕ್ಕದ್ದು. ಸತ್ತ ಬುಡಗಳ ಜಾಗವನ್ನು ಮರುವರ್ಷ ತುಂಬದಿದ್ದರೆ ನೀರೆಲ್ಲ ಆ ಸಂದಿನಲ್ಲೇ ನುಗ್ಗುತ್ತದೆ. ಮಣ್ಣಿನ ಬದು ಹಾಕುವುದಾದರೆ ಹೆಚ್ಚಿನ ನೀರು ಹೊರಹೋಗಲು ಕೋಡಿ ಬೇಕು. ಅದಕ್ಕೆ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಯ ಸಲಹೆ ಪಡೆಯಿರಿ.

ಗಾಳಿ ಬೀಸುವಾಗ ದಾರ ನಿಲ್ಲುವುದಿಲ್ಲ. ಗೂಟ ಹೊಡೆಯುವುದಕ್ಕೆ ಬೆಳಗಿನ ಹೊತ್ತೇ ಸರಿ.